ವಾರಪತ್ರಿಕೆಯಲ್ಲಿ ಮೇಡಂ

ವಿಜ್ಞಾನದ ಮೇಡಂಗೆ ಪಾಠವೆಂದರೆ ಪ್ರಾಣ. ಗಂಟಲು ಮಾತ್ರ ದಾರದಷ್ಟು ಸಣ್ಣ. ಏಳನೇ ತರಗತಿಯ ನಲವತ್ತಮೂರು ಮಕ್ಕಳ ಮುಂದೆ, ಅದೂ ಕೊನೇ ಪೀರಿಯಡ್ಡಿನಲ್ಲಿ, ಆ ದಾರ ಎರಡನೇ ಬೆಂಚು ಮುಟ್ಟುವಷ್ಟರಲ್ಲಿ ತುಂಡಾಗುತ್ತಿತ್ತು. ಎಲೆಯ ಚಿತ್ರ ಬರೆಯಲೆಂದು ಬೋರ್ಡಿನ ಕಡೆ ತಿರುಗಿದರೆ ಸಾಕು, ಬೆನ್ನ ಹಿಂದೆ ಸಂತೆ ನೆರೆಯುತ್ತಿತ್ತು. ಡಸ್ಟರು ಹೇಗೋ ಕಿಟಕಿಯಾಚೆ ಹೋಗಿರುತ್ತಿತ್ತು. ಕಾಗದದ ವಿಮಾನ ನೇರ ಬಂದು ಅವರ ತುರುಬಿಗೇ ಇಳಿಯುತ್ತಿತ್ತು.

ಸಂಜೆ ಮನೆಗೆ ಬಂದವರೇ ಚಪ್ಪಲಿ ಬಿಡುವ ಮೊದಲು ಗಂಡನ ಮುಂದೆ ಎಲ್ಲವನ್ನೂ ತೋಡಿಕೊಳ್ಳುತ್ತಿದ್ದರು. ಗಂಡ ಒಂದು ವಾರಪತ್ರಿಕೆಗೆ ವ್ಯಂಗ್ಯಚಿತ್ರ ಬರೆಯುವವರು. "ಹೂಂ, ಆಮೇಲೆ?" ಎನ್ನುತ್ತಾ ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದರು. ಇಷ್ಟು ಚೆನ್ನಾಗಿ ಕೇಳುವ ಗಂಡ ಯಾರಿಗುಂಟು ಎಂದು ಮೇಡಂಗೆ ಒಳಗೊಳಗೇ ಹೆಮ್ಮೆ. ಆ ಪತ್ರಿಕೆಯನ್ನು ಬಿಡಿಸಿ ನೋಡುವಷ್ಟು ಪುರುಸೊತ್ತು ಮಾತ್ರ ಅವರಿಗೆ ಎಂದೂ ಸಿಕ್ಕಿರಲಿಲ್ಲ.

ಒಂದು ಸೋಮವಾರ ತರಗತಿಯಲ್ಲಿ ಒಬ್ಬಳು ಎದ್ದು ನಿಂತಳು. ಎಲ್ಲದಕ್ಕೂ ವಾದ ಹೂಡುವ ಆ ಹುಡುಗಿಯನ್ನು ಎಲ್ಲರೂ ಲಾಯರ್ ಎಂದೇ ಕರೆಯುತ್ತಿದ್ದರು. ಕೈಯಲ್ಲಿ ವಾರಪತ್ರಿಕೆ.

"ಮೇಡಂ, ಇದು ನಾವೇ ಅಲ್ವಾ?"

ಚಿತ್ರದಲ್ಲಿ ದಪ್ಪ ಕನ್ನಡಕದ ಟೀಚರ್, ಅವರ ತುರುಬಿನಲ್ಲಿ ಮೂಗು ನೆಟ್ಟ ವಿಮಾನ, ಬೆಂಚಿನ ಮೇಲೆ ಕುಣಿಯುವ ಮಕ್ಕಳು, ಮೂಲೆಯಲ್ಲಿ ಮೇಡಂ ಗಂಡನ ಸಹಿ. ಮೇಡಂ ಮುಖ ಕೆಂಪಾಯಿತು. ಮಕ್ಕಳಿಗೆ ಅಷ್ಟೇ ಸಾಕಾಯಿತು.

ಅಂದಿನಿಂದ ತಂಟೆಗೆ ಹೊಸ ಹುರುಪು. ಪತ್ರಿಕೆಯಲ್ಲಿ ಬರಬೇಕೆಂದು ಪೈಪೋಟಿ. ಒಬ್ಬ ಟಿಫಿನ್ ಡಬ್ಬಿಯಲ್ಲಿ ಕಪ್ಪೆ ತಂದು, "ಈ ವಾರಕ್ಕೆ ಇದು ನಡೆಯತ್ತಾ ಮೇಡಂ?" ಎಂದು ವಿನಯದಿಂದಲೇ ಕೇಳಿದ.

ಕಪ್ಪೆ ಬಂದ ಸಂಜೆ ಮನೆಯಲ್ಲಿ ರಂಪವಾಯಿತು.

"ನೀನು ಹೇಳಿದ್ದನ್ನೇ ತಾನೇ ನಾನು ಬರೆದಿದ್ದು?" ಎಂದರು ಗಂಡ.

"ನಾನು ಹೇಳಿದ್ದು ಹೊಟ್ಟೆಯುರಿಗೆ. ನೀವು ಬರೆದಿದ್ದು ಹೊಟ್ಟೆಪಾಡಿಗೆ!"

"ಮಕ್ಕಳು ಅಂದ್ಮೇಲೆ ಅಷ್ಟೇ ಕಣೇ. ನಗಿಸಿ ಪಾಠ ಮಾಡಿದ್ರೆ ಸುಮ್ಮನೆ ಕೂರ್ತಾರೆ."

"ಹಾಗಾದ್ರೆ ನೀವೇ ಬಂದು ನಗಿಸಿ."

ಇದಕ್ಕೆ ಹೆಡ್‌ಮಿಸ್ಟ್ರೆಸ್ ಕೂಡ ಒಪ್ಪಿದರು. ಶುಕ್ರವಾರ ಕೊನೇ ಪೀರಿಯಡ್ಡಿಗೆ ಗಂಡ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಚಿತ್ರ ಬರೆಯುವುದು ಹೇಗೆಂದು ಹೇಳಿಕೊಡಲು ಬಂದರು. ಮೇಡಂ ಕಾರಿಡಾರಿನ ಕಿಟಕಿ ಬಳಿ ನಿಂತರು. ಮೊದಲ ಐದು ನಿಮಿಷ ಚಪ್ಪಾಳೆಯೋ ಚಪ್ಪಾಳೆ. ಆರನೇ ನಿಮಿಷಕ್ಕೆ ಸೀಮೆಸುಣ್ಣದ ಡಬ್ಬಿ ಮಾಯ. ಅವರು ಬರೆದ ಕುದುರೆಗೆ ಕತ್ತೆಯ ಕಿವಿ ಇದೆಯೆಂದು ಲಾಯರ್ ತಕರಾರು ತೆಗೆದಳು. ಅರ್ಧ ತರಗತಿ ಕುದುರೆಯ ಪರ, ಅರ್ಧ ಕತ್ತೆಯ ಪರ. ಗಂಡನ ದೊಡ್ಡ ಗಂಟಲೂ ಆ ಗಲಾಟೆಯಲ್ಲಿ ಮುಳುಗಿಹೋಯಿತು. ಬೆನ್ನ ಮೇಲೆ ಶಾಯಿಯ ಹೊಳೆ ಹರಿಸಿಕೊಂಡು, ಗಂಟೆ ಹೊಡೆಯುವ ಮೊದಲೇ ಅವರು ಹೊರಗೆ ಓಡಿ ಬಂದರು.

"ದಿನಾ ಹೀಗೇನಾ?" ಎಂದರು ಏದುಸಿರು ಬಿಡುತ್ತಾ.

"ಇವತ್ತು ಅತಿಥಿ ಬಂದಿದ್ರಲ್ಲ, ಸ್ವಲ್ಪ ಕಮ್ಮಿ."

ಮೇಡಂ ನಗು ತಡೆಯಲಾಗದೆ ಒಳಗೆ ಹೋದರು. ಅವರು ಹೊಟ್ಟೆ ಹಿಡಿದು ನಗುವುದನ್ನು ಮಕ್ಕಳು ಕಂಡದ್ದು ಅದೇ ಮೊದಲು. ಎಲ್ಲರೂ ತಬ್ಬಿಬ್ಬಾಗಿ ಸುಮ್ಮನಾದರು.

"ಪಾಪ, ಅವರಿಗೆ ನಿಮ್ಮಷ್ಟು ಪಾಠ ಮಾಡೋಕೆ ಬರಲ್ಲ ಮೇಡಂ," ಎಂದಳು ಲಾಯರ್, ತೀರ್ಪು ಕೊಟ್ಟಂತೆ.

ಮುಂದಿನ ವಾರದ ಚಿತ್ರದಲ್ಲಿ ಟೀಚರ್ ಜಾಗಕ್ಕೆ ಬೋಳುತಲೆಯ, ಅಂಗಿಯೆಲ್ಲ ಶಾಯಿಯ ಗಂಡಸೊಬ್ಬ ಬಂದಿದ್ದ. ಮೇಡಂ ಅದನ್ನು ತಾವೇ ಶಾಲೆಗೆ ತಂದು ಬೋರ್ಡಿನ ಪಕ್ಕ ಅಂಟಿಸಿದರು.

ಗಲಾಟೆ ನಿಂತಿತೇ? ಎಲ್ಲಿಯ ಮಾತು! ಆದರೆ ಅವರು ಬಾಯಿ ತೆರೆದರೆ ಹಿಂದಿನ ಬೆಂಚಿನಿಂದ ಯಾರಾದರೊಬ್ಬರು "ಶ್!" ಎನ್ನತೊಡಗಿದರು. ವರ್ಷದ ಕೊನೆಯಲ್ಲಿ ಹೆಡ್‌ಮಿಸ್ಟ್ರೆಸ್, ಬರುವ ವರ್ಷ ಯಾವ ತರಗತಿ ಬೇಕೆಂದು ಕೇಳಿದರು.

"ಇದೇ ಮಕ್ಕಳನ್ನ ಕೊಡಿ, ಎಂಟನೇ ತರಗತಿಗೂ ನಾನೇ ಬರ್ತೀನಿ," ಎಂದರು ಮೇಡಂ.

ಹೆಡ್‌ಮಿಸ್ಟ್ರೆಸ್ ಕನ್ನಡಕ ತೆಗೆದು ಅವರನ್ನೇ ನೋಡಿದರು. "ಇನ್ನೊಂದ್ಸಲ ಹೇಳಿ," ಎಂದರು.