ಉಪ್ಪುನೀರು ನುಗ್ಗಿದ ಗದ್ದೆ

ಯಾರನ್ನು ನಂಬಬೇಕು, ಯಾರನ್ನು ಬಿಡಬೇಕು ಎನ್ನುವುದಕ್ಕೆ ಮಾಪಣ್ಣ ತಲೆ ಕೆಡಿಸಿಕೊಂಡವನಲ್ಲ. ಕೊರಳು ನೋಡುತ್ತಿದ್ದ. ಅಲ್ಲಿ ತುಳಸಿಮಾಲೆ ಇದ್ದರೆ ಮುಗಿಯಿತು, ಆತ ಪಂಢರಪುರಕ್ಕೆ ನಡೆದು ಹೋಗುವ ವಿಠ್ಠಲನ ಮನುಷ್ಯ, ಸುಳ್ಳಾಡುವವನಲ್ಲ. ಬೆಳ್ಳಗಿರುವುದೆಲ್ಲ ಹಾಲು ಎನ್ನುವ ಆಸಾಮಿ.

ಕಲಬುರ್ಗಿ ಕಡೆಯಿಂದ ಬಂದು ಪನವೇಲಿನಲ್ಲಿ ಹಮಾಲಿ ಮಾಡುತ್ತಿದ್ದಾಗ ಅವನಿಗೆ ಹಿರಾಜಿ ಮ್ಹಾತ್ರೆ ಸಿಕ್ಕಿದ. ಸಮುದ್ರದ ನೀರು ಒಳಸರಿದು ಬರುವ ಕಾಮೋಠೆಯ ಖಾಡಿ ದಂಡೆಯಲ್ಲಿ ಭತ್ತದ ಗದ್ದೆಯಿದ್ದ ಧಣಿ. ಇಬ್ಬರ ಕೊರಳಲ್ಲೂ ಮಾಲೆ. ಮಾಲೆಯವರು ಎದುರಾದರೆ ದೊಡ್ಡವರು ಚಿಕ್ಕವರು ಎನ್ನದೆ, ತಾಯಿ ಎಂಬರ್ಥದಲ್ಲಿ ‘ಮಾವುಲಿ’ ಎಂದು ಕರೆದು, ಒಬ್ಬರ ಕಾಲಿಗೊಬ್ಬರು ಬಾಗುವುದು ರೂಢಿ. ಧಣಿ ಹಮಾಲನ ಕಾಲು ಮುಟ್ಟಿದ. ಮಾಪಣ್ಣ ಅಲ್ಲೇ ಕರಗಿ ನೀರಾದ. ಅರ್ಧ ಪಾಲಿಗೆ ಗದ್ದೆ ಮಾಡುವುದೆಂದು ಬಾಯಿಮಾತಿನಲ್ಲೇ ಆಯಿತು.

ಕೆಲವು ವರ್ಷ ಚೆನ್ನಾಗಿಯೇ ಬೆಳೆಯಿತು. ತೊಂಬತ್ತರ ದಶಕದ ನಡುವಿನ ಒಂದು ಮಳೆಗಾಲದಲ್ಲಿ ಮಾತ್ರ ಸಮುದ್ರದ ಭರತಿಯೂ ಮಳೆಯೂ ಒಟ್ಟಿಗೆ ಬಂದು ಒಡ್ಡು ಒಡೆಯಿತು. ಉಪ್ಪುನೀರು ನಿಂತು ಪೈರು ಸುಟ್ಟುಹೋಯಿತು. ಬೀಜ, ಗೊಬ್ಬರ ಎಲ್ಲ ಹೆಂಡತಿ ದಾನಮ್ಮನ ಬೆಂಡೋಲೆ ಒತ್ತೆಯಿಟ್ಟು ತಂದದ್ದು.

ಸರ್ಕಾರ ಪರಿಹಾರ ಕೊಡುತ್ತದೆ, ನಾಳೆ ಕಂದಾಯದ ತಲಾಠಿ ಪಂಚನಾಮೆಗೆ ಬರುತ್ತಾನೆ ಎಂಬ ಸುದ್ದಿ ಬಂದಾಗ ಹಿರಾಜಿ ತಾನಾಗಿಯೇ ಗುಡಿಸಲಿಗೆ ಬಂದ. ಪಾಲಿಗೆ ಮಾಡುತ್ತೇನೆಂದು ಹೇಳಬೇಡ ಮಾವುಲಿ, ಉಳುವವನು ಬೇರೆ ಎಂದರೆ ಕಾಯ್ದೆಯ ತಕರಾರು ಎದ್ದು ಪರಿಹಾರವೇ ನಿಲ್ಲುತ್ತದೆ, ಕೂಲಿಯ ಮಜೂರ ಎಂದುಬಿಡು, ಬಂದದ್ದರಲ್ಲಿ ಅರ್ಧ ನಿನ್ನದು ಎಂದ. ಮಾಲೆ ಮುಟ್ಟಿ ಹೇಳಿದ.

"ನಮ್ಮ ಬಾಯಿಲೆ ನಾವ ಮಜೂರ್ರು ಅಂತ ಯಾಕ ಅನ್ಬೇಕು?" ಎಂದಳು ದಾನಮ್ಮ.

"ಮಾಲಿ ಮುಟ್ಯಾನ. ಸುಮ್ಕಿರು."

ಮರುದಿನ ಊರವರೆಲ್ಲ ನೋಡುತ್ತಿದ್ದಂತೆ ಮಾಪಣ್ಣ ತಲಾಠಿ ಸಾಹೇಬರ ಮುಂದೆ, ತನ್ನ ಬೆವರು ಬಿದ್ದ ಬದುವಿನ ಮೇಲೆಯೇ ನಿಂತು, ತಾನು ಬರೀ ಮಜೂರ ಎಂದ. ಹುಟ್ಟಿದ ಮೇಲೆ ಅವನು ಆಡಿದ ದೊಡ್ಡ ಸುಳ್ಳು ಅದೇ ಇರಬೇಕು. ಅದನ್ನೂ ನಂಬಿಕೆಗೆ ಕಟ್ಟುಬಿದ್ದು ಆಡಿದ.

ದೀಪಾವಳಿಗೆ ಮುಂಚೆ ಪರಿಹಾರ ಬಂತು. ಮಾಪಣ್ಣ ತನ್ನ ಅರ್ಧ ಕೇಳಲು ಹೋದಾಗ ಹಿರಾಜಿಯ ಜಗಲಿಯಲ್ಲಿ ನಾಲ್ಕು ಜನ ಕೂತಿದ್ದರು. ಹಿರಾಜಿ ಅವರನ್ನೇ ಕೇಳಿದ: ಇವನು ಸಾಹೇಬರ ಮುಂದೆ ಏನೆಂದ, ನೀವೇ ಹೇಳಿ. ಮಜೂರ ಎಂದ, ಅಂದರು ಅವರು. ಅವರೇನೂ ಸುಳ್ಳು ಹೇಳಲಿಲ್ಲ, ಪಾಪ. ಹಿರಾಜಿ ಕೆಲವು ದಿನದ ಕೂಲಿ ತೆಗೆದು ಮುಂದಿಟ್ಟ. ಬರುವ ವರ್ಷ ಗದ್ದೆಗೆ ಬೇರೆ ಜನ ಬರುತ್ತಾರೆ ಎಂದೂ ಸೇರಿಸಿದ. ಮಾಪಣ್ಣ ಆ ಕೂಲಿ ಮುಟ್ಟಲಿಲ್ಲ. ಬರಿಗಿವಿಯ ಹೆಂಡತಿಗೆ ಮುಖ ತೋರಿಸಲಾರದೆ ಖಾಡಿಯ ಕಡೆ ಹೋಗಿ ಕೂತ.

ಕಾರ್ತೀಕ ಏಕಾದಶಿಯ ದಿನ ವಿಠ್ಠಲನ ಗುಡಿ ತುಂಬಿತ್ತು. ಹಿರಾಜಿ ಹಣೆಗೆ ವಿಠ್ಠಲನ ಕಪ್ಪು ಬುಕ್ಕಿಟ್ಟು, ಏನೂ ಆಗಿಲ್ಲವೆಂಬಂತೆ ನಗುತ್ತ ಬಂದು, ಎಲ್ಲರ ಎದುರು ಮಾಪಣ್ಣನ ಕಾಲಿಗೆ ಬಾಗಿದ.

ಮಾಪಣ್ಣ ಕಾಲು ಹಿಂದೆಳೆದುಕೊಂಡ.

"ಬ್ಯಾಡ ಮಾವುಲಿ. ಮಜೂರನ ಕಾಲ ಇವು."

ಹಿರಾಜಿಯ ಕೈ ಬರಿನೆಲಕ್ಕೆ ತಾಗಿತು. ಆತ ಬಗ್ಗಿದವನು ಹಾಗೆಯೇ ಕಾದ, ರೂಢಿಯಂತೆ ಮಾಪಣ್ಣನೂ ಬಾಗಲಿ ಎಂದು. ಸುತ್ತಲಿನವರೂ ಕಾದರು. ಮಾಪಣ್ಣ ಬಾಗಲಿಲ್ಲ. ಮಾಲೆ ಹಾಕಿದವನೊಬ್ಬನಿಗೆ ಅವನು ಬೆನ್ನು ತಿರುಗಿಸಿ ನಡೆದದ್ದು ಅದೇ ಮೊದಲು.