ಬಲ್ಬಿನ ಪಕ್ಕದ ಲೋಟ

ಇಡ್ಲಿ ಹಿಟ್ಟನ್ನು ಕೊನೆಯಲ್ಲಿ ಕೈಯಿಂದ ಕಲೆಸಬೇಕೋ, ಸೌಟಿನಿಂದ ತಿರುವಿದರೆ ಸಾಕೋ ಎಂಬ ಪ್ರಶ್ನೆಗೂ ಲೋಕಕಲ್ಯಾಣಕ್ಕೂ ಸಂಬಂಧವಿಲ್ಲ ಎಂದು ನೀವು ಅಂದುಕೊಳ್ಳಬಹುದು. ನಾನು ಹಾಗೆ ಅಂದುಕೊಂಡವಳಲ್ಲ. ಹಿಟ್ಟು ಕಲೆಸುವ ಕೈಗೊಂದು ಗುಣವಿರುತ್ತದೆ, ಅದು ಎಲ್ಲರಿಗೂ ಒಲಿಯುವುದಿಲ್ಲ, ನನಗೆ ಮಾತ್ರ ಧಾರಾಳವಾಗಿ ಒಲಿದಿದೆ ಎಂಬುದು ಮದುವೆಯಾದ ಹೊಸದರಲ್ಲಿ ನನ್ನ ಅತ್ತೆಯವರೇ ಒಪ್ಪಿಕೊಂಡ ಸಂಗತಿ. ನನ್ನ ವಿಷಯದಲ್ಲಿ ಅವರು ಒಪ್ಪಿಕೊಂಡದ್ದು ಅದೊಂದನ್ನೇ ಆದ್ದರಿಂದ, ಐವತ್ತು ವರ್ಷಗಳಿಂದ ಆ ಬಿರುದನ್ನು ಮೂಗುಬೊಟ್ಟಿನಂತೆ ತೆಗೆಯದೆ ಧರಿಸಿಕೊಂಡೇ ಬಂದಿದ್ದೇನೆ. ಬೆಂಗಳೂರು ಬಿಟ್ಟು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಪೊವೇಯಲ್ಲಿರುವ ಮಗಳ ಮನೆಗೆ ಬಂದಾಗ, ವಿಮಾನದವರು ತೂಕ ಮಾಡದೆ ಬಿಟ್ಟದ್ದೂ ಅದೊಂದನ್ನೇ.

ಪೊವೇಯ ಚಳಿಗಾಲದಲ್ಲಿ ಹಿಟ್ಟು ತಾನಾಗಿ ಉಬ್ಬುವುದಿಲ್ಲ. ಇಲ್ಲಿಯ ನಮ್ಮ ಹೆಂಗಸರು ಮಾಡುವಂತೆ ನಾನೂ ಪಾತ್ರೆಯನ್ನು ಓವನ್ನಿನೊಳಗಿಟ್ಟು, ಓವನ್ ಹಚ್ಚದೆ ಅದರ ಬಲ್ಬನ್ನು ಮಾತ್ರ ಉರಿಸುತ್ತೇನೆ. ಬೆಳಗಾಗುವಷ್ಟರಲ್ಲಿ ಆ ಪುಟ್ಟ ಬಲ್ಬಿನ ಕಾವಿಗೇ ಹಿಟ್ಟು ಮೇಲೆದ್ದಿರುತ್ತದೆ. ನಮ್ಮ ಓವನ್ನಿನ ಬಲ್ಬು ಇರುವುದು ಬಲಗಡೆಯ ಮೂಲೆಯಲ್ಲಿ. ಈ ವಿವರವನ್ನು ದಯವಿಟ್ಟು ಗಮನಿಸಿ. ನನ್ನ ಪಾಪವೂ ಅದೇ ಮೂಲೆಯಲ್ಲಿದೆ.

ಮೊಮ್ಮಗಳು ಇಳಾ ಹತ್ತಿರದ ಲಾ ಹೋಯಾದಲ್ಲಿ ಕಾಲೇಜಿನ ಮೊದಲ ವರ್ಷ ಓದುತ್ತಿದ್ದಾಳೆ. ಒಂದು ಸಂಜೆ ಊಟದ ಮೇಜಿನ ತುಂಬ ಸ್ಟ್ಯಾಟಿಸ್ಟಿಕ್ಸ್ ಪುಸ್ತಕ ಹರಡಿಕೊಂಡು ಪರೀಕ್ಷೆಗೆ ಪಾಠ ಮೆಲುಕು ಹಾಕುತ್ತಿದ್ದಳು. ಇನ್ನೊಬ್ಬರಿಗೆ ಹೇಳಿಕೊಟ್ಟರೆ ತನಗೆ ಮನದಟ್ಟಾಗುತ್ತದೆಂದು ನನ್ನನ್ನು ಎದುರಿಗೆ ಕೂರಿಸಿಕೊಂಡಳು. ನಾನು ಬೀನ್ಸ್ ಬಿಡಿಸುತ್ತ ಶಿಷ್ಯೆಯಾದೆ.

"ಫಸ್ಟು, ಏನೂ ಡಿಫರೆನ್ಸ್ ಇಲ್ಲ ಅಂತಾನೇ ಅಂದ್ಕೋಬೇಕು ಅಜ್ಜಿ. ಅದು ನಲ್ ಹೈಪಾಥಿಸಿಸ್."

"ಇರೋದನ್ನ ಇಲ್ಲ ಅಂತ ಯಾಕೆ ಅಂದ್ಕೋಬೇಕೆ?"

"ಇದೆ ಅಂತ ನೀನು ಹೇಳಿದ್ರೆ ಸಾಲ್ದು. ಡೇಟಾ ಹೇಳ್ಬೇಕು."

ವ್ಯತ್ಯಾಸವೇ ಇಲ್ಲದ ಲೋಕವೊಂದನ್ನು ಊಹಿಸಿಕೊಳ್ಳಬೇಕಂತೆ. ಅಲ್ಲಿ ಬರಿಯ ಆಕಸ್ಮಿಕದಿಂದ, ನಮ್ಮ ಕಣ್ಣಿಗೆ ಬಿದ್ದಷ್ಟು ಅಥವಾ ಅದಕ್ಕೂ ಹೆಚ್ಚಿನ ವ್ಯತ್ಯಾಸ ಕಾಣಿಸುವುದು ಎಷ್ಟು ಅಪರೂಪ ಎಂದು ಲೆಕ್ಕ ಹಾಕಿದರೆ ಬರುವುದು ಪಿ-ವ್ಯಾಲ್ಯೂ. ಅದು ನೂರಕ್ಕೆ ಐದಕ್ಕಿಂತ ಕಡಿಮೆಯಿದ್ದರೆ ಆ ನಲ್ ಊಹೆಯನ್ನು ತಳ್ಳಿಹಾಕಬಹುದು. ಇಲ್ಲದಿದ್ದರೆ ತಳ್ಳಿಹಾಕಲು ಆಗಲಿಲ್ಲ ಎನ್ನಬೇಕೇ ಹೊರತು ವ್ಯತ್ಯಾಸವೇ ಇಲ್ಲವೆಂದು ಸಾರಬಾರದು. ಇದು ನನಗೆ ತಕ್ಷಣ ಅರ್ಥವಾಯಿತು. ನನ್ನ ಅತ್ತೆಯವರೂ ನನ್ನ ಸಾರು ಚೆನ್ನಾಗಿದೆ ಎಂದು ಎಂದೂ ಹೇಳಿದವರಲ್ಲ. ದೂರಲು ಏನೂ ಸಿಗಲಿಲ್ಲವೆಂಬಂತೆ ಸುಮ್ಮನೆ ಉಂಡು ಏಳುತ್ತಿದ್ದರು.

ಆ ಉತ್ಸಾಹದಲ್ಲಿ ನನ್ನ ಕೈಗುಣದ ವಿಷಯ ಬಾಯಿಬಿಟ್ಟೆ. ಇಳಾಳ ಕಣ್ಣು ಮಿನುಗಿತು. ಕಾಲೇಜಿಗೆ ಅವಳೊಂದು ಪ್ರಾಜೆಕ್ಟ್ ಮಾಡಬೇಕಿತ್ತು. ಒಂದೇ ರುಬ್ಬಿನ ಹಿಟ್ಟನ್ನು ಒಂದೇ ಅಳತೆಯ ಎರಡು ಗಾಜಿನ ಲೋಟಗಳಿಗೆ ಹಾಕುವುದು, ಒಂದನ್ನು ನಾನು ಕೈಯಿಂದ, ಇನ್ನೊಂದನ್ನು ಸೌಟಿನಿಂದ ಕಲೆಸುವುದು, ಎರಡನ್ನೂ ಓವನ್ನಿನೊಳಗಿಟ್ಟು ಬೆಳಿಗ್ಗೆ ಸ್ಕೇಲು ಹಿಡಿದು ಎಷ್ಟೆಷ್ಟು ಉಬ್ಬಿದೆಯೆಂದು ಅಳೆಯುವುದು, ಹೀಗೆ ಇಪ್ಪತ್ತು ದಿನ. ಯಾವ ಲೋಟ ಬಲ್ಬಿನ ಪಕ್ಕದಲ್ಲಿ ಕೂರಬೇಕೆಂಬುದನ್ನು ಮಾತ್ರ ಪ್ರತಿದಿನ ನಾಣ್ಯ ಚಿಮ್ಮಿ ತೀರ್ಮಾನಿಸಬೇಕು: ಹೆಡ್ ಬಿದ್ದರೆ ಕೈಯ ಲೋಟ, ಟೇಲ್ ಬಿದ್ದರೆ ಸೌಟಿನದು. "ಇದೇ ಇಂಪಾರ್ಟೆಂಟ್ ಅಜ್ಜಿ, ಪ್ರಾಮಿಸ್ ಮಾಡು" ಎಂದಳು. ಮಾಡಿದೆ. ಅವಳು ಕಾಲೇಜಿನಲ್ಲಿರುವಾಗ ಅಳತೆಗಳನ್ನು ಕಳಿಸಲೆಂದು ಫೋನಿನಲ್ಲಿ ಕನ್ನಡ ಟೈಪ್ ಮಾಡುವುದನ್ನೂ ಅವಳೇ ಕಲಿಸಿದಳು. ತೋರುಬೆರಳೊಂದರಿಂದಲೇ, ಕೋಳಿ ಕಾಳು ಹೆಕ್ಕಿದಂತೆ, ನಾನು ಅಕ್ಷರಲೋಕವನ್ನು ಎರಡನೆಯ ಸಲ ಪ್ರವೇಶಿಸಿದೆ.

ಮೊದಲ ದಿನ ಪ್ರಾಮಾಣಿಕವಾಗಿ ನಾಣ್ಯ ಚಿಮ್ಮಿದೆ. ಟೇಲ್ ಬಿತ್ತು. ಸೌಟಿನ ಲೋಟ ಬಲ್ಬಿನ ಪಕ್ಕಕ್ಕೆ ಹೋಯಿತು. ಬೆಳಿಗ್ಗೆ ನೋಡಿದರೆ ಅದರ ಹಿಟ್ಟು ನನ್ನ ಲೋಟದ್ದಕ್ಕಿಂತ ಒಂದು ಬೆರಳು ಮೇಲೆ ನಿಂತು ನನ್ನನ್ನು ನೋಡಿ ನಗುತ್ತಿತ್ತು. ಐವತ್ತು ವರ್ಷದ ಬಿರುದು, ಮಗಳ ಮನೆಯಲ್ಲಿ, ಒಂದು ಸೌಟಿನ ಮುಂದೆ! ಎರಡೂ ಅಳತೆಗಳನ್ನು ಅದಲುಬದಲು ಮಾಡಿ ಟೈಪಿಸಿದೆ. ಹೊಸದಾಗಿ ಕಲಿತ ವಿದ್ಯೆಯಲ್ಲಿ ನಾನು ಮೊದಲು ಬರೆದದ್ದೇ ಸುಳ್ಳು ಎಂದು ಈಗ ಬರೆಯಲೂ ಬೆರಳು ಹಿಂಜರಿಯುತ್ತಿದೆ. ಎರಡನೆಯ ದಿನದಿಂದ ನಾಣ್ಯದ ಗೊಡವೆಗೇ ಹೋಗಲಿಲ್ಲ. ದಿನವೂ ನನ್ನ ಲೋಟವನ್ನು, ಕೂಸನ್ನು ಬಿಸಿಲಿಗೆ ಮಲಗಿಸುವಂತೆ, ಬಲ್ಬಿನ ಮಗ್ಗುಲಿಗೇ ಇಟ್ಟು, ಇಳಾಳಿಗೆ ಮಾತ್ರ ಒಂದು ದಿನ ಹೆಡ್, ಮರುದಿನ ಟೇಲ್ ಎಂದು ಬಹಳ ನ್ಯಾಯವಂತಳಂತೆ ಬರೆದು ಕಳಿಸಿದೆ.

ಇಪ್ಪತ್ತು ದಿನಗಳ ಮೇಲೆ ಇಳಾ ಕಂಪ್ಯೂಟರಿನಿಂದ ತಲೆಯೆತ್ತಿ ಕೂಗಿದಳು: "ಅಜ್ಜಿ! ವೀ ರಿಜೆಕ್ಟ್ ದ ನಲ್!" ಪಿ-ವ್ಯಾಲ್ಯೂ ಸೊನ್ನೆಯ ತೊಡೆಯ ಮೇಲೆಯೇ ಕೂತಿತ್ತಂತೆ. ಮಗಳು ಇದನ್ನು ಇಲ್ಲಿಯ ಕನ್ನಡದವರ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟಳು. ಎರಡೇ ದಿನಕ್ಕೆ, ಮೂರು ಮನೆಯಾಚೆಯ ರೇವತಿ, ಟೆಲಿಕಾಂ ಇಂಜಿನಿಯರು, ಹಿಟ್ಟಿನ ಪಾತ್ರೆಯೊಂದಿಗೆ ಬಾಗಿಲಲ್ಲಿ ನಿಂತಿದ್ದಳು.

"ಆಂಟಿ, ಒಂದ್ಸಲ ಕೈ ಹಾಕಿ ಕೊಡಿ ಪ್ಲೀಸ್. ನಂದು ಕಲ್ಲಾಗ್ತಿದೆ."

"ನಿನ್ನ ಕೈಗೇನಾಗಿದೆಯಮ್ಮ?"

"ನಂದು ಸೈಂಟಿಫಿಕಲಿ ಪ್ರೂವ್ ಆಗಿಲ್ವಲ್ಲ ಆಂಟಿ!"

ಕೈ ಹಾಕಿ ಕೊಟ್ಟೆ. ಮರುದಿನ ಅವಳು ಮಲ್ಲಿಗೆ ಹೂವಿನಂಥ ಇಡ್ಲಿ ತಂದುಕೊಟ್ಟಾಗ, ತಟ್ಟೆಯನ್ನು ಮಗಳ ಕಡೆಗೆ ಸರಿಸಿಬಿಟ್ಟೆ.

ಅಷ್ಟಕ್ಕೇ ಮುಗಿದಿದ್ದರೆ ಬಹುಶಃ ಸುಳ್ಳನ್ನು ಅರಗಿಸಿಕೊಂಡೇ ಬಿಡುತ್ತಿದ್ದೆ. ಆದರೆ ಇಳಾಳ ಪ್ರೊಫೆಸರು ಆ ಪ್ರಾಜೆಕ್ಟನ್ನು ಲಾಸ್ ಏಂಜಲೀಸಿನಲ್ಲಿ ನಡೆಯುವ ವಿದ್ಯಾರ್ಥಿಗಳ ಪ್ರದರ್ಶನಕ್ಕೆ ಆರಿಸಿಬಿಟ್ಟರು. ಶನಿವಾರ ಬೆಳಿಗ್ಗೆ ನಾವಿಬ್ಬರೇ ಹೊರಟೆವು. ಹಿಂದಿನ ಸೀಟಿನಲ್ಲಿ ಸುರುಳಿ ಸುತ್ತಿದ ಪೋಸ್ಟರ್, ಎಡಗಡೆ ಸಮುದ್ರ, ಸ್ಟಿಯರಿಂಗ್ ಹಿಡಿದು ತನ್ನ ಭಾಷಣವನ್ನು ಗಟ್ಟಿಯಾಗಿ ಅಭ್ಯಾಸ ಮಾಡುತ್ತಿದ್ದ ಇಳಾ. "ನಮ್ಮಜ್ಜಿ ಪ್ರತಿದಿನವೂ ನಾಣ್ಯ ಚಿಮ್ಮಿದರು" ಎಂಬರ್ಥದ ಇಂಗ್ಲಿಷ್ ವಾಕ್ಯ ಮೂರನೆಯ ಸಲ ಕಿವಿಗೆ ಬಿದ್ದಾಗ ನನ್ನಿಂದ ತಡೆಯಲಾಗಲಿಲ್ಲ.

"ಚಿಮ್ಮಲಿಲ್ಲ ಕಣೆ."

"ವಾಟ್?"

"ಒಂದೇ ದಿನ ಚಿಮ್ಮಿದ್ದು. ಅವತ್ತು ಸೋತೆ. ಆಮೇಲೆ ದಿನಾ ನನ್ನ ಲೋಟಾನೇ ಬಲ್ಬಿನ ಪಕ್ಕ ಇಟ್ಟೆ."

ಅವಳು ಹೆದ್ದಾರಿ ಬದಿಯಲ್ಲಿ ಮುಂದೆ ಸಿಕ್ಕ ರೆಸ್ಟ್ ಏರಿಯಾದಲ್ಲಿ ಕಾರು ನಿಲ್ಲಿಸಿದಳು. ಬೈದಿದ್ದರೆ ನನ್ನ ಬಳಿ ಉತ್ತರಗಳಿದ್ದವು. ಬೈಸಿಕೊಳ್ಳುವುದರಲ್ಲಿ ನಾನು ಪಳಗಿದವಳು. ಅವಳು ಬೈಯಲಿಲ್ಲ.

"ಪ್ರೊಫೆಸರ್ ಕೇಳಿದ್ರು ಅಜ್ಜಿ, ನಿಮ್ಮಜ್ಜಿ ನಿಜವಾಗ್ಲೂ ಟಾಸ್ ಮಾಡಿದ್ರಾ ಅಂತ. ಚೆಕ್ ಮಾಡಿದ್ಯಾ ಅಂತ." ಕಿಟಕಿಯಾಚೆ ನೋಡುತ್ತ ಮೆಲ್ಲಗೆ ಹೇಳಿದಳು. "ಚೆಕ್ ಮಾಡೋದೇ ಬೇಡ, ಮೈ ಅಜ್ಜಿ ಡಸಂಟ್ ಲೈ ಅಂದೆ."

ಎಲ್ಲವನ್ನೂ ಅನುಮಾನದಿಂದಲೇ ಆರಂಭಿಸಬೇಕೆಂದು ನನಗೆ ಪಾಠ ಹೇಳಿದ ಹುಡುಗಿ, ಒಂದೇ ಒಂದನ್ನು ಪರೀಕ್ಷೆಗೇ ಒಡ್ಡದೆ ಹಾಗೆಯೇ ಬಿಟ್ಟಿದ್ದಳು. ಅದು ನಾನು. ಬಿರುದು ಹೋದರೆ ಮೂಗುಬೊಟ್ಟು ಹೋದಷ್ಟೇ ಎಂದು ಸಮಾಧಾನ ಮಾಡಿಕೊಳ್ಳಬಹುದು. ಹೋದದ್ದು ಅದಲ್ಲವೆಂದು ಆ ಕಾರಿನಲ್ಲಿ ಗೊತ್ತಾಯಿತು. ಸಾವಿರ ಬಲ್ಬು ಹಚ್ಚಿದರೂ ಮತ್ತೆ ಉಬ್ಬಿಸಲಾಗದ ವಸ್ತುವೊಂದನ್ನು ನಾನು ಒಂದು ಬೆರಳಿನ ಎತ್ತರಕ್ಕಾಗಿ ಕೊಟ್ಟುಬಿಟ್ಟಿದ್ದೆ.

"ವಾಪಸ್ ಹೋಗೋಣ್ವಾ?" ಎಂದೆ.

"ನೋ. ಹೋಗಿ ಹೇಳೋಣ."

ಲಾಸ್ ಏಂಜಲೀಸಿನ ಆ ಸಭಾಂಗಣದಲ್ಲಿ ಇಳಾ ಪೋಸ್ಟರನ್ನು ತೂಗುಹಾಕಿದಳು. ಯಾರಿಂದಲೋ ಬಿಳಿ ಹಾಳೆ, ದಪ್ಪ ಮಾರ್ಕರ್ ಇಸಿದುಕೊಂಡು, "ನಾಣ್ಯ ಚಿಮ್ಮಿಲ್ಲ. ಆದ್ದರಿಂದ ತೀರ್ಮಾನವೂ ಇಲ್ಲ" ಎಂದು ಇಂಗ್ಲಿಷಿನಲ್ಲಿ ಬರೆದು, ತನ್ನ ಚೆಂದದ ನಕ್ಷೆಯ ಮೇಲೆಯೇ ಅಂಟಿಸಿದಳು. ಜರಿಯಂಚಿನ ಸೀರೆಯುಟ್ಟು ಸಂಭ್ರಮದಿಂದ ಬಂದಿದ್ದ ನಾನು, ಆ ಹಾಳೆಯ ಪಕ್ಕದಲ್ಲಿ ಅದರ ಅಡಿಟಿಪ್ಪಣಿಯಂತೆ ನಿಂತೆ.

ತೀರ್ಪುಗಾರ್ತಿಯೊಬ್ಬರು ಬಂದು ಓದಿದರು. ಡೇಟಾ ತೆಗೆದುಕೊಂಡದ್ದು ಯಾರೆಂದು ಕೇಳಿದರು. ಇಳಾ ನನ್ನ ಕಡೆ ನೋಡದೆ "ಮೈ ಅಸಿಸ್ಟೆಂಟ್" ಎಂದಳು. ಅಷ್ಟಾದ ಮೇಲೂ ನನ್ನನ್ನು ಮುಚ್ಚಿಡುತ್ತಿದ್ದಾಳೆ! ನೆಲ ಬಾಯಿಬಿಡಬಾರದೇ ಎನ್ನಿಸಿತು. ಮುಂದೆ ಬಂದು, ನನಗೆ ಬರುವ ನಾಲ್ಕು ಇಂಗ್ಲಿಷ್ ಪದಗಳಲ್ಲಿ, ಆ ಅಸಿಸ್ಟೆಂಟು ನಾನೇ, ಇವಳ ಅಜ್ಜಿ, ನಾಣ್ಯ ಚಿಮ್ಮದವಳೂ ನಾನೇ, ಗೆಲ್ಲಬೇಕೆಂಬ ಆಸೆಯಿಂದ, ಎಂದೆ. ಆಕೆ ನಗಲಿಲ್ಲ. ನನ್ನನ್ನೂ ಹಾಳೆಯನ್ನೂ ಒಮ್ಮೆ ನೋಡಿ, ಏನೋ ಗುರುತು ಹಾಕಿಕೊಂಡು ಮುಂದಿನ ಪೋಸ್ಟರಿಗೆ ಹೋದರು. ಬಹುಮಾನ ಬರಲಿಲ್ಲ.

ಮನೆಗೆ ಬಂದ ಮೇಲೆ ರೇವತಿಗೆ ಫೋನ್ ಮಾಡಿ ಹೇಳಿದೆ. "ಹಾಗಾದ್ರೆ ಅವತ್ತು ನಂದು ಉಬ್ಬಿದ್ದು ಹೇಗೆ ಆಂಟಿ?" ಎಂದು ಅವಳು ಕೇಳಿದ್ದಕ್ಕೆ, ಗೊತ್ತಿಲ್ಲಮ್ಮ ಎಂದೆ. ನನ್ನ ಕೈಯ ವಿಷಯದಲ್ಲಿ ಆ ಮಾತನ್ನು ಆಡಿದ್ದು ಅದೇ ಮೊದಲು.

ಇಳಾ ಪ್ರಯೋಗವನ್ನು ಮತ್ತೆ ಮೊದಲಿನಿಂದ ಆರಂಭಿಸಿದ್ದಾಳೆ. ಈ ಸಲ ನಾನು ಹಿಟ್ಟು ಕಲೆಸಿ ನಡುಮನೆಗೆ ಹೋಗಿ ಕೂರಬೇಕು. ನಾಣ್ಯ, ಓವನ್, ಸ್ಕೇಲು ಎಲ್ಲವೂ ಅವಳ ಸುಪರ್ದಿಯಲ್ಲಿ. ಆದರೆ ಮೊನ್ನೆ ಅವಳಿಗೆ ಸಂಜೆ ಪರೀಕ್ಷೆಯಿತ್ತು. ಹೊರಡುವ ಮುಂಚೆ ಬಾಗಿಲಲ್ಲಿ ಒಂದು ಗಳಿಗೆ ನಿಂತು, "ಇವತ್ತು ನೀನೇ ಮಾಡು ಅಜ್ಜಿ" ಎಂದು ಹೇಳಿ ಹೋದಳು. ನಾಣ್ಯ ಚಿಮ್ಮಿದೆ. ಟೇಲ್. ನನ್ನ ಲೋಟವನ್ನು ಬಲ್ಬಿನಿಂದ ದೂರದ ಮೂಲೆಗಿಟ್ಟು, ಒಂದೊಂದೇ ಅಕ್ಷರ ಹೆಕ್ಕಿ, "ಟೇಲ್ ಬಿತ್ತು ಪುಟ್ಟಿ, ಸೌಟು ಬಲ್ಬಿನ ಪಕ್ಕ" ಎಂದು ಬರೆದು ಕಳಿಸಿದೆ. ಇಷ್ಟು ನಿಜವಾದ ವಾಕ್ಯವನ್ನು ನಾನು ಆ ಫೋನಿನಲ್ಲಿ ಇನ್ನೂ ಬರೆದಿರಲಿಲ್ಲ.

ಸ್ವಲ್ಪ ಹೊತ್ತಿಗೆ ಉತ್ತರ ಬಂತು. "ಫೋಟೋ ಕಳ್ಸು ಅಜ್ಜಿ."

ಬೇಸರವಾಗಲಿಲ್ಲ ಎಂದರೆ ಇನ್ನೊಂದು ಸುಳ್ಳಾಗುತ್ತದೆ. ಕನ್ನಡಕ ಏರಿಸಿಕೊಂಡು ಓವನ್ನಿನ ಮುಂದೆ ಮಂಡಿಯೂರಿ, ಎರಡೂ ಲೋಟಗಳು ಚೆನ್ನಾಗಿ ಕಾಣುವಂತೆ ಫೋಟೋ ತೆಗೆದೆ. ಮೂಲೆಯಲ್ಲಿ ನನ್ನ ಹೆಬ್ಬೆರಳೂ ಬಂದುಬಿಟ್ಟಿತ್ತು. ಇರಲಿ ಎಂದು ಹಾಗೆಯೇ ಕಳಿಸಿದೆ.