ಸೆರಗಿನ ಮೇಲೆ ರೈಲ್ವೆ ಎಂಜಿನ್

ಈ ಸಂಕ್ರಾಂತಿಗೆ ನಮ್ಮ ಮನೆಯ ಕಪ್ಪು ಸೀರೆಯ ಸೆರಗಿನ ಮೇಲೆ ಒಂದು ರೈಲ್ವೆ ಎಂಜಿನ್ ಬಂದು ನಿಂತಿತು. ಹೊಗೆಯ ಸಮೇತ.

ನಗಬೇಡಿ. ನಾನೂ ಮೊದಲು ನಕ್ಕಿದ್ದೆ. ಅದಕ್ಕೆ ಮೂರು ದಿನ ಬರೀ ತಿಳಿಸಾರು ಉಂಡಿದ್ದೇನೆ.

ನಮ್ಮ ಧಾರವಾಡದ ಪದ್ಧತಿ ನಿಮಗೆ ಗೊತ್ತೇ ಇದೆ. ಮದುವೆಯಾದ ಮೊದಲ ಸಂಕ್ರಾಂತಿಗೆ ಹೊಸ ಸೊಸೆಗೆ ಕಪ್ಪು ಸೀರೆ ಉಡಿಸುತ್ತಾರೆ. ಇಳಕಲ್ಲಿನ ಸೀರೆ, ಅದರ ಮೇಲೆ ಕಸೂತಿ. ಆನೆ, ನವಿಲು, ಗೋಪುರ, ತುಳಸಿಕಟ್ಟೆ. ನಾನು ಹೊಸ ಕಾಲದ ಗಂಡ ನೋಡಿ, ಹೆಂಡತಿಯನ್ನೇ ಕೇಳಿದೆ, ಸೆರಗಿಗೆ ಏನು ಹಾಕಿಸಲಿ ಎಂದು. (ಕೇಳಬಾರದಿತ್ತು.)

"ಎಂಜಿನ್ನು," ಅಂದಳು.

"ಏನು?"

"ರೈಲ್ವೆ ಎಂಜಿನ್ನು. ನಮ್ಮಪ್ಪ ಹುಬ್ಬಳ್ಳಿ ವರ್ಕಶಾಪಿನ್ಯಾಗ ಎಂಜಿನ್ ಬಿಚ್ಚಿ ಕೂಡಸ್ತಾನ. ನಮ್ಮ ಮನ್ಯಾಗ ಆನಿ ಯಾರು ಸಾಕ್ಯಾರ?"

ಕಚೇರಿಯ ಗುಮಾಸ್ತನಾದ ನನ್ನ ಕಸುಬಿನ ಚಿತ್ರ ಬೇಕೆಂದಿದ್ದರೆ ಮಸಿಕುಡಿಕೆ ಹಾಕಿಸಬೇಕಾಗುತ್ತಿತ್ತು. ಅದಕ್ಕಿಂತ ಎಂಜಿನ್ ವಾಸಿ.

ನಮ್ಮ ಓಣಿಯಲ್ಲಿ ಕಸೂತಿ ಎಂದರೆ ತುಂಗಕ್ಕ. ನಲವತ್ತರ ಆಸುಪಾಸಿನ ಹೆಂಗಸು. ಒಂಬತ್ತಕ್ಕೆ ಮದುವೆ, ಹದಿಮೂರಕ್ಕೆ ವಿಧವೆಯ ಕೆಂಪು ಸೀರೆ. ಅಂದಿನಿಂದ ಮೈದುನನ ಮನೆಯಲ್ಲಿ ಏಳು ಜನರ ಅಡಿಗೆ ಮಾಡಿಕೊಂಡು, ಉಳಿದ ಹೊತ್ತು ಸೂಜಿ ಹಿಡಿದು ಕೂತಿರುತ್ತಾರೆ. ಓಣಿಯ ಮದುಮಗಳು ಉಡುವ ಸೀರೆಗೆಲ್ಲ ಅವರ ಕೈಯ ಹೊಲಿಗೆಯೇ ಬೇಕು. ಆದರೆ ಮದುವೆಯ ದಿನ ಬೆಳಿಗ್ಗೆ ಅವರು ಮಾತ್ರ ಎದುರಿಗೆ ಬರಬಾರದು. ಹೊಲಿಗೆ ಮಂಗಳ, ಹೊಲಿದವರು ಅಮಂಗಳ. ಈ ಲೆಕ್ಕವನ್ನು ಯಾವ ಸಾಲೆಯಲ್ಲಿ ಕಲಿಸುತ್ತಾರೋ ನನಗೆ ತಿಳಿಯದು.

ಎಂಜಿನ್ ಎಂದಾಗ ತುಂಗಕ್ಕ ಬೇಡವೆನ್ನಲಿಲ್ಲ. "ಹೆಂಗಿರ್ತದ?" ಎಂದು ಕೇಳಿದರು.

ಆ ಪ್ರಶ್ನೆಗೆ ಉತ್ತರ ತರಲೆಂದು ನಾನು ಹುಬ್ಬಳ್ಳಿಗೆ ಹೋದೆ. ಅಲ್ಲಿ ಬಟ್ಟೆಗೆ ಛಾಪಾ ಒತ್ತುವ ಹುಸೇನಸಾಬರಿದ್ದಾರೆ. ಮರದ ಅಚ್ಚನ್ನು ಬಣ್ಣದಲ್ಲಿ ಅದ್ದಿ ಒತ್ತಿದರೆ ಮಾವಿನಕಾಯಿ, ಬಳ್ಳಿ, ಗಿಳಿ, ಎಲ್ಲ ಮೂಡುತ್ತವೆ. ಎಂಜಿನ್ನಿನ ಅಚ್ಚು ಬೇಕೆಂದೆ. ಅವರು ಗಡ್ಡ ನೀವಿಕೊಂಡು, "ನಮ್ಮ ಅಜ್ಜನ ಕಾಲದಿಂದ ಇಂಥಾದ್ದು ಯಾರೂ ಕೇಳಿಲ್ರಿ. ಆದ್ರ ಕೇಳಿದ ಮ್ಯಾಲ ಮಾಡಬೇಕಲ್ರಿ," ಅಂದರು. ಎಂಟು ದಿನ ಬಿಟ್ಟು ಒಂದು ಬಿಳಿ ತುಂಡಿನ ಮೇಲೆ ಒತ್ತಿ ಕೊಟ್ಟರು. ನಾನು ಗೆದ್ದವನ ಹಾಗೆ ತಂದು ತುಂಗಕ್ಕನ ಮುಂದೆ ಹರಡಿದೆ.

ಅವರು ಬಹಳ ಹೊತ್ತು ನೋಡಿದರು. ಆ ಕಡೆಯಿಂದ ನೋಡಿದರು, ಈ ಕಡೆಯಿಂದ ನೋಡಿದರು.

"ಇದು ಎಂಜಿನ್ನೋ, ಕುಂತ ಎಮ್ಮಿನೋ?"

ನನ್ನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ಹುಸೇನಸಾಬರ ಪರವಾಗಿ ವಾದಿಸಿದೆ. ಕೊಂಬಿನಂತೆ ಕಾಣುವುದು ಕೊಂಬಲ್ಲ, ಹೊಗೆ, ಎಂದೆ.

"ಛಾಪಾದವರ ಕೆಲಸಾ ಬ್ಯಾರೆ, ನಂದ ಬ್ಯಾರೆ," ಅಂದರು ತುಂಗಕ್ಕ. "ಕಸೂತಿಗೆ ಬರಕೊಂಡ ಗೀಟಿರೂದಿಲ್ಲ. ಎಳೀ ಎಣಿಸಿಕೋತ ಹೋಗೂದು. ನಾ ಕಣ್ಣಿಂದ ನೋಡದ್ದು ನನ್ನ ಲೆಕ್ಕಕ್ಕ ಬರೂದಿಲ್ಲ. ಆನಿ ನೋಡೀನಿ, ನವಿಲು ನೋಡೀನಿ. ಎಂಜಿನ್ ನೋಡಿಲ್ಲ."

ಆಗ ತಿಳಿಯಿತು. ನವಲಗುಂದದ ಕಡೆಯ ಹಳ್ಳಿಯಿಂದ ಚಕ್ಕಡಿಯಲ್ಲಿ ಬಂದ ಮದುಮಗಳು ಮೂವತ್ತು ವರ್ಷದಿಂದ ದಿನಾ ರೈಲಿನ ಸಿಳ್ಳು ಕೇಳುತ್ತ ಇದೇ ಊರಲ್ಲಿ ಇದ್ದಾರೆ. ರೈಲನ್ನು ಮಾತ್ರ ನೋಡಿಲ್ಲ.

"ಹಂಗಾರ ಹೋಗಿ ನೋಡೂಣು ಬರ್ರಿ," ಅಂದಳು ನನ್ನ ಹೆಂಡತಿ. "ಹುಬ್ಬಳ್ಯಾಗ ನಮ್ಮಪ್ಪ ಎಲ್ಲಾ ತೋರಸ್ತಾನ."

ಓದುಗರೇ, ಎರಡು ತಿಂಗಳ ಹಿಂದೆ ಇದೇ ಅಂಕಣದಲ್ಲಿ ನಾನು ಸ್ತ್ರೀ ಸ್ವಾತಂತ್ರ್ಯದ ಬಗ್ಗೆ ಬರೆದದ್ದು ನಿಮಗೆ ನೆನಪಿರಬಹುದು. (ನನ್ನ ಹೆಂಡತಿಗಂತೂ ನೆನಪಿತ್ತು.) ಅಂಥ ಧೀರನಾದ ನಾನು ಆಗ ಏನಂದೆ ಗೊತ್ತೇ?

"ನೋಡೋಣ," ಅಂದೆ.

ಯಾಕೆಂದರೆ ತುಂಗಕ್ಕನನ್ನು 'ವೈನಿ' ಎಂದು ಕರೆಯುವ ಮೈದುನ ಗುಂಡೂರಾಯರು ನಮ್ಮ ಕಚೇರಿಯ ಹೆಡ್ ಕ್ಲಾರ್ಕು. ನನ್ನ ರಜೆ, ನನ್ನ ಬಡ್ತಿ, ನನ್ನ ಕುರ್ಚಿಯ ಮುರಿದ ಕಾಲು, ಎಲ್ಲ ಅವರ ಕೈಯಲ್ಲಿ. ಮರುದಿನ ಅವರೇ ಕರೆದರು. ಸುದ್ದಿ ಅವರ ಮನೆಯ ಅಡಿಗೆಮನೆಯಿಂದ ಅವರ ಟೇಬಲ್ಲಿಗೆ ನನಗಿಂತ ಮೊದಲೇ ತಲುಪಿತ್ತು.

"ನೀವು ಪೇಪರಿನ್ಯಾಗ ಏನರ ಬರ್ಕೋರಿ, ಯಾರೂ ಬ್ಯಾಡನ್ನೂದಿಲ್ಲ," ಅಂದರು. "ನಮ್ಮ ವೈನಿನ್ನ ಯಾಕ ರೈಲ ಹತ್ತಸ್ತೀರಿ? ಜನಾ ಏನಂದಾರು?"

ಹೌದಲ್ಲ, ಜನ ಏನಂದಾರು? ನಾನು ಸಂಜೆ ಹೋಗಿ ತುಂಗಕ್ಕನ ಹಿತ್ತಲ ಬಾಗಿಲಲ್ಲಿ ನಿಂತು, ಆನೆಯೇ ಆಗಲಿ ಬಿಡಿ, ಆನೆ ಬಹಳ ಚೆಂದ, ಎಂದೆ. ರಾಯರ ಅಪ್ಪಣೆ ಸಿಗಲಿಲ್ಲ ಎಂದೂ ಹೇಳಿದೆ.

ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

"ಅಪ್ಪಣಿ ನಾ ಯಾರಿಗೂ ಕೇಳಿಲ್ಲಲ್ರಿ," ಅಂದರು ತುಂಗಕ್ಕ. "ಎಂಜಿನ್ನಿಗೆ ಗಾಲಿ ಎಷ್ಟು ಅಂತ ಕೇಳೀನಿ."

ಸಪ್ಪಳ ಮತ್ತೆ ಶುರುವಾಯಿತು. ಮೊದಲಿಗಿಂತ ಸ್ವಲ್ಪ ಜೋರಾಗಿ.

ಮುಂದಿನ ರವಿವಾರ ಬೆಳಿಗ್ಗೆ ನಾನು ಚಹಾ ಕುಡಿಯುತ್ತ ಕೂತಿದ್ದೆ. ತುಂಗಕ್ಕ ಬಾಗಿಲಲ್ಲಿ. ಕೆಂಪು ಸೀರೆ, ತಲೆಯ ಮೇಲೆ ಸೆರಗು, ಕೈಯಲ್ಲಿ ಒಂದು ಸಣ್ಣ ಗಂಟು. "ನಡೀವಾ ತಂಗಿ," ಅಂದರು ನನ್ನ ಹೆಂಡತಿಗೆ. ನನ್ನನ್ನು ಕರೆಯಲೂ ಇಲ್ಲ. ನಾನೇ ಅಂಗಿ ಹಾಕಿಕೊಂಡು ಹಿಂದೆ ಓಡಿದೆ. ಸ್ಟೇಷನ್ ಬರುವ ತನಕ ಅವರಿಗಿಂತ ಹತ್ತು ಮಾರು ದೂರ ನಡೆದೆ, ಬೇರೆ ಯಾರದೋ ಮನೆಯವನ ಹಾಗೆ. ಸುಳ್ಳು ಹೇಳಿ ಏನು ಪ್ರಯೋಜನ?

ಪ್ಲಾಟ್‌ಫಾರ್ಮಿನ ಮೇಲೆ ಗುಂಡೂರಾಯರು ಸೈಕಲ್ ಹಿಡಿದು ಏದುಸಿರು ಬಿಡುತ್ತ ಬಂದೇಬಿಟ್ಟರು. ಕೋಟಿನ ಗುಂಡಿಗಳು ಮೇಲೆ ಕೆಳಗೆ. ಹತ್ತಾರು ಜನ ತಿರುಗಿ ನೋಡಿದರು. ನನ್ನ ಬಡ್ತಿ ಆ ಹಳಿಯ ಮೇಲೆ ತಲೆಯಿಟ್ಟು ಮಲಗಿದಂತೆ ಅನಿಸಿತು.

"ವೈನಿ," ಅಂದರು ರಾಯರು. ಅಷ್ಟೇ.

"ಅನ್ನಾ ಮಾಡಿಟ್ಟೀನಿ," ಅಂದರು ತುಂಗಕ್ಕ, ಎಂದಿನ ದನಿಯಲ್ಲಿ. "ಸಾರು ಒಲಿ ಮ್ಯಾಲ ಅದ. ಸಂಜೀಕ ಬರ್ತೀನಿ."

ಮೂವತ್ತು ವರ್ಷದಲ್ಲಿ ಆಕೆ ಮೊದಲ ಬಾರಿ 'ಸಂಜೆಗೆ ಬರುತ್ತೇನೆ' ಎಂದಿರಬೇಕು. ಹೋದವರಿಗೆ ತಾನೇ ಬರುವುದು? ರಾಯರು ಸೈಕಲ್ಲಿನ ಗಂಟೆಯ ಮೇಲೆ ಕೈಯಿಟ್ಟುಕೊಂಡು ನಿಂತರು. ಗಾಡಿ ಬಂತು. ನಾವು ಹತ್ತಿದೆವು.

ಹುಬ್ಬಳ್ಳಿಯಲ್ಲಿ ನನ್ನ ಮಾವ ಎಣ್ಣೆಯ ಅಂಗಿಯಲ್ಲೇ ನಮ್ಮನ್ನು ಎಂಜಿನ್ನುಗಳು ನಿಲ್ಲುವ ಶೆಡ್ಡಿಗೆ ಕರೆದೊಯ್ದರು. ಮಗಳ ಸೆರಗಿಗೆ ತನ್ನ ಕಸುಬು ಬರುತ್ತದೆಂದು ಕೇಳಿದಾಗಿನಿಂದ ಆ ಮನುಷ್ಯನ ಕಾಲು ನೆಲದ ಮೇಲಿರಲಿಲ್ಲ. ತುಂಗಕ್ಕ ಎಂಜಿನ್ನಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಭಕ್ತಿಯಿಂದಲ್ಲ, ಎಣಿಸುತ್ತ. ಆಮೇಲೆ ಗಂಟು ಬಿಚ್ಚಿದರು. ಒಳಗೆ ಒಂದು ತುಂಡು ಬಟ್ಟೆ, ಸೂಜಿ, ದಾರ. ಅಲ್ಲೇ ಕಲ್ಲಿದ್ದಲ ರಾಶಿಯ ಪಕ್ಕ ಕೂತು ಹೊಲಿಯತೊಡಗಿದರು. ದೊಡ್ಡ ಗಾಲಿ ಆರು, ಸಣ್ಣವು ನಾಲ್ಕು.

"ಗಾಲಿಗಳನ್ನ ಹಿಡದ ಈ ಕಬ್ಬಿಣದ ತೋಳು ಯಾಕ?"

ಮಾವ ಹೇಳಿದರು. ಆಕೆ ಇನ್ನೊಂದು ಕೇಳಿದರು. ಅದನ್ನೂ ಹೇಳಿದರು. ನೀರು ಎಲ್ಲಿ ಕಾಯುತ್ತದೆ, ಉಗಿ ಎಲ್ಲಿಂದ ಹೋಗುತ್ತದೆ, ಹಿಂದಕ್ಕೆ ಹೇಗೆ ಓಡುತ್ತದೆ. ಕೊನೆಗೆ ಮಾವ ನನ್ನ ಕಡೆ ತಿರುಗಿ, "ಇವರನ್ನ ನನ್ನ ಕೈಕೆಳಗ ಆರು ತಿಂಗಳಾ ಬಿಡ್ರಿ," ಅಂದರು. ನಗೆಚಾಟಿಕೆಯಲ್ಲ, ಖರೆ ಹೇಳಿದ್ದು.

ಡ್ರೈವರು ಮೇಲಿನಿಂದ ಹತ್ತುತ್ತೀರಾ ಎಂದು ಕೇಳಿದ. ನಾನು ಬೇಡವೆನ್ನಲು ಬಾಯಿ ತೆರೆಯುವಷ್ಟರಲ್ಲಿ ತುಂಗಕ್ಕ ಹತ್ತಿ ಆಗಿತ್ತು. ಅವನು ಸಿಳ್ಳು ಹಾಕಿದ. ಬೆಚ್ಚಿದವನು ನಾನು. ಆಕೆ ನಕ್ಕರು. ತುಂಗಕ್ಕನ ಹಲ್ಲನ್ನು ನಾನು ನೋಡಿದ್ದು ಅದೇ ಮೊದಲು.

ಇಳಿಯುವ ಮುಂಚೆ ಕಬ್ಬಿಣದ ಮೈಮೇಲೆ ಅಂಗೈ ಇಟ್ಟರು. "ಬೆಚ್ಚಗ ಅದ," ಅಂದರು. "ಆಕಳ ಹೊಟ್ಟಿ ಇದ್ದಂಗ."

ಧಾರವಾಡದಲ್ಲಿ ಇಳಿದ ಮೇಲೆ ನಾನು ಹತ್ತು ಮಾರು ದೂರ ನಡೆಯಲಿಲ್ಲ ಎಂದಷ್ಟೇ ಹೇಳುತ್ತೇನೆ. ಕಿಟಕಿಗಳಿಂದ ಜನ ನೋಡಿದರು. ಏನಂದರೋ ಅಂದರು. ಎರಡು ಮನೆಯವರು ತುಂಗಕ್ಕನಿಗೆ ಕೊಟ್ಟಿದ್ದ ಸೀರೆಗಳನ್ನು ವಾಪಸು ಒಯ್ದರು. ಆಕೆ ಅವನ್ನು ಮಡಿಸಿ ಕೊಟ್ಟು, ನಮ್ಮ ಸೀರೆಯ ಮುಂದೆ ಕೂತರು.

ಸಂಕ್ರಾಂತಿಯ ಅರಿಷಿಣ-ಕುಂಕುಮಕ್ಕೆ ನಮ್ಮ ಮನೆ ತುಂಬಿತು. ಗಂಡಸರಿಗೆ ಅಲ್ಲಿ ಕೆಲಸವಿಲ್ಲ. ನಾನು ಪಕ್ಕದ ಖೋಲಿಯಲ್ಲಿ ಪೇಪರು ಓದುತ್ತಿದ್ದೆ. (ಪೇಪರು ತಲೆಕೆಳಗಾಗಿತ್ತು, ಕಿವಿ ನೆಟ್ಟಗಿತ್ತು, ನಡುವಿನ ಬಾಗಿಲು ಅರೆ ತೆರೆದಿತ್ತು.) ಹೆಂಡತಿ ಸೆರಗು ಹರಡಿ ತೋರಿಸಿದಳು. ಮುಂದೆ ಹೇಗೋ ಹಿಂದೆಯೂ ಹಾಗೆಯೇ, ಒಂದು ಗಂಟು ಕಾಣದು. ಗಾಲಿಗಳು, ಕಬ್ಬಿಣದ ತೋಳು, ಬಳ್ಳಿಯಂತೆ ಏರುವ ಹೊಗೆ. ಹೆಂಗಸರು ಬಾಗಿ ಬಾಗಿ ನೋಡಿದರು.

"ನಮ್ಮ ಮನ್ಯಾಗ ಆದದ್ದು ಇದು," ಅಂದರು ಗುಂಡೂರಾಯರ ಹೆಂಡತಿ, ಹೆಮ್ಮೆಯಿಂದ.

"ಹಂಗಾರ ಮಾಡಿದವರನ್ನ ಯಾಕ ಬಿಟ್ಟು ಬಂದ್ರಿ?" ಅಂದಳು ನನ್ನ ಹೆಂಡತಿ.

ಆಮೇಲೆ ಮುಂಬಾಗಿಲು ತೆರೆದ ಸಪ್ಪಳ. ಅವಳು ಅದೇ ಸೀರೆಯಲ್ಲಿ ಓಣಿ ದಾಟಿ ಹೋಗಿ, ಹಿಟ್ಟಿನ ಕೈಯಲ್ಲೇ ಇದ್ದ ತುಂಗಕ್ಕನನ್ನು ಕರೆತಂದಳು. ನಾಲ್ವರು ಎದ್ದು ಹೋದರು. ಉಳಿದವರು ಸ್ವಲ್ಪ ಸರಿದು ಜಾಗ ಮಾಡಿದರು. ಹೆಂಡತಿ ಕೊಟ್ಟ ಎಳ್ಳುಬೆಲ್ಲವನ್ನು ತುಂಗಕ್ಕ ಕೈಯಲ್ಲೇ ಹಿಡಿದುಕೊಂಡು, ಸೆರಗನ್ನು ಎಳೆದು ದಾರ ಸುಕ್ಕಾಗಿದೆಯೇ ಎಂದು ಪರೀಕ್ಷಿಸಿದರು.

ಆಗ ಒಬ್ಬ ವಕೀಲರ ಹೆಂಡತಿ, ನನಗೆ ವಿಮಾನ ಹಾಕಿಕೊಡುತ್ತೀರಾ ಎಂದು ಕೇಳಿಬಿಟ್ಟರು.

ತುಂಗಕ್ಕ ಯೋಚಿಸಿದರು. "ನೋಡಬೇಕಾಗ್ತದ," ಅಂದರು.

ಮರುದಿನ ಕಚೇರಿಯಲ್ಲಿ ಗುಂಡೂರಾಯರು ನನ್ನನ್ನು ಕರೆದರು. ಬಡ್ತಿಗೆ ಎಳ್ಳುನೀರು ಬಿಟ್ಟೇ ಹೋಗಿ ನಿಂತೆ. ಅವರು ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದರು: "ಈ ವಿಮಾನ ಎಲ್ಲಿ ಇಳೀತದರೀ? ವೈನಿ ಕೇಳಲಿಕ್ಕತ್ತಾರ."

ನನಗೆ ಗೊತ್ತಿಲ್ಲ. ನಿಮಗೆ ಯಾರಿಗಾದರೂ ಗೊತ್ತೇ?